ಲಾಲ್ ರಾಕೆಟ್ ಹೇಗಿದೆ?

“ಎಲ್ಲರೂ ಒಟ್ಟಿಗೆ ಕಿರುಚಿದ್ರೆ ನನಗೇನು ಅರ್ಥವಾಗ್ಬೇಕು? ಒಬ್ಬೊಬ್ಬರಾಗಿ ಹೇಳ್ರೋ!” ಎಂದು ಶಾಮಣ್ಣ ಮಾಮ ಕೌಂಟರಿನ ಮೇಲೆ ಕೈ ಬಡಿದ.

ಗಲಾಟೆ ಕೊಂಚ ತಗ್ಗಿತು. ಅಂಗಡಿಯ ಮೂಲೆಯಲ್ಲಿದ್ದ ಟಿವಿಯಲ್ಲಿ ಒಂದು ಕೆಂಪು ರಾಕೆಟ್ಟು ಆಗಷ್ಟೇ ಸಿಡಿದು ಚೂರುಚೂರಾಗಿತ್ತು. ‘ಗೇಮ್ ಓವರ್’ ಎಂಬ ಅಕ್ಷರಗಳು ಮಿಣಮಿಣ ಎನ್ನುತ್ತಿದ್ದವು.

“ಏಕ್‌ದಮ್ ಝಕಾಸ್, ಅಂಕಲ್!” ಎಂದ ಶೇಖರ. ಅವನು ಏಳನೇ ಕ್ಲಾಸು, ಎಲ್ಲರಿಗಿಂತ ಎತ್ತರ. ಇಡೀ ಸಯನ್ ಬಡಾವಣೆಯಲ್ಲಿ ಟಿವಿ ಗೇಮ್‌ನಲ್ಲಿ ಅವನನ್ನು ಸೋಲಿಸುವವರೇ ಇಲ್ಲವಂತೆ. ಹಾಗಂತ ಅವನೇ ಹೇಳಿದ್ದು.

“ಇಷ್ಟು ಫಾಸ್ಟ್ ಗೇಮ್ ನಾನು ನೋಡೇ ಇಲ್ಲ. ಕಣ್ಣು ಮಿಟುಕಿಸಿದ್ರೆ ಖತಮ್!” ಎಂದ ತಿರುಮಲೇಶ. ಪಾಪ, ಅವನು ಕಣ್ಣು ಮಿಟುಕಿಸುವ ಮೊದಲೇ ಮೂರು ಸಲ ಖತಮ್ ಆಗಿದ್ದ. ಆದರೂ ಅವನ ಮುಖ ಹೊಳೆಯುತ್ತಿತ್ತು.

“ಕೊನೇಲಿ ಜೇಡದ ಥರ ಒಂದು ದೊಡ್ಡ ಶಿಪ್ ಬರುತ್ತಂತೆ, ಶೇಖರ ಹೇಳ್ದ. ಕೇಳಿದ್ರೇನೆ ನಂಗೆ ಡರ್ ಆಗುತ್ತೆ. ಆದ್ರೂ ಮಸ್ತ್,” ಎಂದಳು ಪಂಕಜಾ.

ಮಾಮ ಎಲ್ಲರ ಮಾತಿಗೂ ತಲೆಯಾಡಿಸಿದ. ಆಮೇಲೆ ಕೊನೆಯ ಸ್ಟೂಲಿನ ಮೇಲೆ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದ ವಿನೋದಿನಿಯ ಕಡೆ ತಿರುಗಿದ.

“ವಿನು, ನೀನು ಹೇಳು. ಹೇಗಿದೆ?”

ವಿನೋದಿನಿ ತಲೆಯೆತ್ತಿದಳು. ಶೇಖರ ಅವಳನ್ನೇ ನೋಡುತ್ತಿದ್ದ. ನೋಡುತ್ತಲೇ ತನ್ನ ಗಂಟಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದುಕೊಂಡ.

“ಚೆನ್ನಾಗಿದೆ,” ಎಂದಳು ವಿನೋದಿನಿ.

“ಮುಗೀತು ಬಿಡು!” ಮಾಮ ಚಪ್ಪಾಳೆ ತಟ್ಟಿದ. “ಇವರೆಲ್ಲ ಏನು ಕೊಟ್ಟರೂ ಝಕಾಸ್ ಅಂತಾರೆ. ನಮ್ಮ ವಿನು ಹೇಳಿದ ಮೇಲೆ ಇನ್ನು ಯೋಚನೆ ಇಲ್ಲ. ನಾಳೆಯೇ ದಹಿಸರ್‌ಗೆ ಹೋಗಿ ಡಬ್ಬ ತುಂಬ ಈ ಗೇಮ್ ಕ್ಯಾಸೆಟ್ಟನ್ನೇ ತಂದುಬಿಡ್ತೀನಿ.”

ಹುಡುಗರು ಹೋ ಎಂದು ಕೂಗಿದರು. ವಿನೋದಿನಿ ಮಾತ್ರ ಜಡೆಯನ್ನು ಇನ್ನೂ ಒಂದು ಸುತ್ತು ಬಿಗಿಯಾಗಿ ಸುತ್ತಿಕೊಂಡಳು.

ಶಾಮಣ್ಣ ಮಾಮ ಅವಳ ಅಮ್ಮನ ತಮ್ಮ. ವಿನೋದಿನಿಯ ಬಿಲ್ಡಿಂಗಿನ ಕೆಳಗೇ ಅವನ ವಿಡಿಯೋ ಲೈಬ್ರರಿ. ಒಂದು ಕಾಲದಲ್ಲಿ ಶನಿವಾರ ಸಂಜೆಯಾದರೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸಿನಿಮಾ ಕ್ಯಾಸೆಟ್ಟಿಗಾಗಿ ಜನ ಫುಟ್‌ಪಾತಿನವರೆಗೂ ನಿಲ್ಲುತ್ತಿದ್ದರು. ಈಗ ಕೇಬಲ್ ಬಂದಿದೆ. ಬಿಲ್ಡಿಂಗುಗಳ ಮೇಲಿನ ಗಚ್ಚಿಯಿಂದ ಗಚ್ಚಿಗೆ ಕಪ್ಪು ವೈರು ಎಳೆದು, ಮನೆಮನೆಗೂ ದಿನಾ ಸಿನಿಮಾ ತೋರಿಸುತ್ತಾರೆ. ಮಾಮನ ಕ್ಯಾಸೆಟ್ಟುಗಳ ಮೇಲೆ ಧೂಳು ಕೂತಿದೆ.

ಅದಕ್ಕೇ ಮಾಮ ಟಿವಿ ಗೇಮ್ ಬಾಡಿಗೆಗೆ ಕೊಡುವ ಯೋಚನೆ ಮಾಡಿದ್ದ. ಮೊದಲ ಸಲ ಡಬ್ಬಿಯ ಮೇಲಿನ ಚಿತ್ರ ನೋಡಿ ಮರುಳಾಗಿ ಯಾವುದೋ ಗೇಮ್ ತಂದು ಕೈಸುಟ್ಟುಕೊಂಡ. ಅದನ್ನು ಒಂದು ನಾಯಿಯೂ ಮೂಸಲಿಲ್ಲ. ಅಂದಿನಿಂದ ಅವನದೊಂದು ಪದ್ಧತಿ. ಯಾವ ಹೊಸ ಗೇಮ್ ಬಂದರೂ ಮೊದಲು ಬಿಲ್ಡಿಂಗಿನ ಮಕ್ಕಳಿಗೆ ಆಡಲು ಕೊಡುವುದು. ಅವರು ಚೆನ್ನಾಗಿದೆ ಎಂದರೆ ತರುವುದು, ಇಲ್ಲವಾದರೆ ಬಿಡುವುದು. ತಂದರೆ, ಹೇಳಿದ ಮಕ್ಕಳಿಗೆಲ್ಲ ಒಂದು ವಾರ ಪುಕ್ಕಟೆ ಆಟ.

ಈ ಸಲದ ಗೇಮ್‌ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲಿದ್ದ ಅಕ್ಷರ ಚೀನಾದ್ದೋ ಜಪಾನಿನದೋ. ಒಳಗೆ ಕೆಂಪು ರಾಕೆಟ್ಟು ಇದ್ದದ್ದರಿಂದ ಮಕ್ಕಳೇ ಅದಕ್ಕೆ ‘ಲಾಲ್ ರಾಕೆಟ್’ ಎಂದು ನಾಮಕರಣ ಮಾಡಿಬಿಟ್ಟಿದ್ದರು. ಆಕಾಶದ ತುಂಬ ಶತ್ರುಗಳ ವಿಮಾನ, ಮಳೆ ಸುರಿದ ಹಾಗೆ ಗುಂಡು. ಒಂದು ಗುಂಡು ತಾಗಿದರೆ ಸಾಕು, ಮುಗಿಯಿತು.

ಇಷ್ಟಕ್ಕೂ ವಿನೋದಿನಿಗೆ ಕಸಿವಿಸಿ ಯಾಕೆ? ಅದು ಶುರುವಾದದ್ದು ಆ ದಿನ ಮಧ್ಯಾಹ್ನ, ಒಂದು ಕೋಡುಬಳೆಯಿಂದ.

ಮಾಮ ಊಟಕ್ಕೆ ಹೋಗಿದ್ದಾಗ ಅಂಗಡಿ ನೋಡಿಕೊಳ್ಳಲು ವಿನೋದಿನಿ ಕೂತಿದ್ದಳು. ಒಂದು ಕಡೆ ಲಾಲ್ ರಾಕೆಟ್, ಇನ್ನೊಂದು ಕಡೆ ಅಮ್ಮ ಕೊಟ್ಟ ಕೋಡುಬಳೆ. ಎರಡನ್ನೂ ಒಟ್ಟಿಗೆ ನಡೆಸುವುದು ಹೇಗೆ? ಅವಳು ರಾಕೆಟ್ಟನ್ನು ಪರದೆಯ ಕೆಳಗಿನ ಎಡಮೂಲೆಗೆ ತಳ್ಳಿದಳು. ಎಡಗೈ ಹೆಬ್ಬೆರಳಿನಿಂದ ರಿಮೋಟಿನಲ್ಲಿ, ಎಡೆಬಿಡದೆ ಗುಂಡು ಹಾರಿಸುವ ಟರ್ಬೋ ಬಟನ್ ಒತ್ತಿ ಹಿಡಿದು, ಬಲಗೈಯಲ್ಲಿ ಕೋಡುಬಳೆ ಮುರಿದಳು.

ಸಾಯಬೇಕಾಗಿದ್ದ ರಾಕೆಟ್ಟು ಸಾಯಲಿಲ್ಲ.

ಒಂದು ಕೋಡುಬಳೆ ಮುಗಿಯಿತು. ರಾಕೆಟ್ಟು ಹಾಗೇ ಇತ್ತು. ಗುಂಡುಗಳು ಪಕ್ಕದಿಂದ, ಮೇಲಿನಿಂದ ಹಾದುಹೋದವು. ಆ ಮೂಲೆಗೆ ಮಾತ್ರ ಒಂದೂ ಬರಲಿಲ್ಲ. ಮೊದಲನೇ ಲೆವೆಲ್ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರ ಕೊನೆಗೆ ಆ ಜೇಡನಂಥ ದೊಡ್ಡ ಶಿಪ್ ಕೂಡ, ಮೂಲೆಯಿಂದ ಹೋದ ಗುಂಡಿಗೇ ಢಮ್ಮೆಂದು ಸಿಡಿಯಿತು. ನಾಲ್ಕನೇ ಲೆವೆಲ್ಲಿನಲ್ಲಿ ಏನಿರಬಹುದು ಎಂದು ವಿನೋದಿನಿ ಬಾಯಲ್ಲಿದ್ದುದನ್ನು ನುಂಗುವುದನ್ನೂ ಮರೆತು ಕಾದಳು.

ನಾಲ್ಕನೆಯದು ಇರಲೇ ಇಲ್ಲ. ಮತ್ತೆ ಮೊದಲನೆಯದೇ ಬಂತು. ಅದೇ ನಕ್ಷತ್ರ, ಅದೇ ವಿಮಾನ.

“ಅರೇ! ಇಷ್ಟೇನಾ?” ಎಂದು ಅವಳು ಜೋರಾಗಿ ಹೇಳಿಬಿಟ್ಟಳು.

“ಏನು ಇಷ್ಟೇನಾ?” ಬಾಗಿಲಲ್ಲಿ ಶೇಖರ ನಿಂತಿದ್ದ.

ಅವನಿಗೆ ತೋರಿಸಿದ್ದೇ ತಪ್ಪಾಯಿತು. ಅವಳಿಗೆ ಜಂಬ. ಶೇಖರನಿಗೇ ಗೊತ್ತಿಲ್ಲದ್ದು ತನಗೆ ಗೊತ್ತಾಗಿದೆಯಲ್ಲ! ಶೇಖರ ಮೂಲೆಯನ್ನು ನೋಡಿದ, ರಾಕೆಟ್ಟನ್ನು ನೋಡಿದ. ಅವನ ಕಣ್ಣು ಅಗಲವಾಯಿತು.

“ವಿನು, ಕಿಸೀಕೋ ಬೋಲ್ನಾ ಮತ್! ಅಂಕಲ್‌ಗಂತೂ ಹೇಳ್ಲೇಬೇಡ. ಹೇಳಿದ್ರೆ ಅವರು ಈ ಗೇಮ್ ತರಲ್ಲ. ನಮ್ಮ ಫ್ರೀ ವಾರ ಹೋಯ್ತು. ತರಲಿ, ಆಮೇಲೆ ನಾವಿಬ್ಬರೇ ಚಾಂಪಿಯನ್. ಖಾ ವಿದ್ಯಾ ಕಸಮ್!”

“ವಿದ್ಯಾ ಕಸಮ್ ಯಾಕೋ? ಸೋಮವಾರ ಮರಾಠಿ ಪೇಪರ್ ಇದೆ!”

“ಅದಕ್ಕೇ!”

ಶೇಖರ ದೊಡ್ಡವನು, ಬಿಲ್ಡಿಂಗಿನ ಲೀಡರು. ಅವನು ಆಟಕ್ಕೆ ಸೇರಿಸಿಕೊಳ್ಳದಿದ್ದರೆ ಉಳಿದವರೂ ಸೇರಿಸಿಕೊಳ್ಳುವುದಿಲ್ಲ. ವಿನೋದಿನಿ ಗಂಟಲು ಹಿಡಿದುಕೊಂಡು, “ವಿದ್ಯಾ ಕಸಮ್, ಯಾರಿಗೂ ಹೇಳಲ್ಲ,” ಎಂದಳು. ವಿದ್ಯೆಯ ಮೇಲೆ ಆಣೆ ಇಟ್ಟು ಮುರಿದರೆ ಫೇಲ್ ಆಗುತ್ತಾರೆ. ಇದು ಬಿಲ್ಡಿಂಗಿನ ಮಕ್ಕಳಿಗೆಲ್ಲ ಗೊತ್ತಿದ್ದ ವಿಷಯ.

ಆದರೆ ನಿಜ ಹೇಳಬೇಕೆಂದರೆ, ಸಂಜೆ ಅವಳ ಬಾಯಲ್ಲಿ ‘ಚೆನ್ನಾಗಿದೆ’ ಬಂದದ್ದು ಆಣೆಯಿಂದ ಮಾತ್ರವಲ್ಲ. ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಮನೆ ಮಾಡಿಕೊಂಡಿತ್ತು. ಚಿಕ್ಕವಳಾಗಿದ್ದಾಗ ಒಮ್ಮೆ ಪಂಕಜಾಳ ಮನೆಯಲ್ಲಿ ಪಾಯಸ ಕೊಟ್ಟು ಹೇಗಿದೆಯೆಂದು ಕೇಳಿದಾಗ, “ಸೀದ ವಾಸನೆ ಬರ್ತಿದೆ” ಎಂದುಬಿಟ್ಟಿದ್ದಳು. ಮೆಟ್ಟಿಲಿಳಿಯುವಾಗ ಅಮ್ಮ ಕಿವಿ ಹಿಂಡಿದ್ದಳು. “ಮಾನ ತೆಗೆದೆಯಲ್ಲೇ! ಯಾರಾದರೂ ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅನ್ನಬೇಕು. ತಿಳೀತಾ?” ತಿಳಿಯಿತು. ಅಂದಿನಿಂದ ಅತ್ತೆಯ ಸೀರೆ, ಪಕ್ಕದ ಮನೆಯ ಬರ್ಫಿ, ಸ್ಕೂಲಿನ ನಾಟಕ, ಯಾವುದನ್ನು ಕೇಳಿದರೂ ವಿನೋದಿನಿ ‘ಚೆನ್ನಾಗಿದೆ’ ಎಂದೇ ಹೇಳುತ್ತಿದ್ದಳು. ಎಲ್ಲರೂ ಜಾಣೆ ಎನ್ನುತ್ತಿದ್ದರು.

ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಅಮ್ಮ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು.

“ಬಾರೇ ವಿನು, ಇವತ್ತು ನೀನೇ ಕಲಸು. ಎಷ್ಟು ದಿನದಿಂದ ಕೇಳ್ತಿದ್ದೀಯ,” ಎಂದಳು.

ಬೇರೆ ದಿನವಾಗಿದ್ದರೆ ವಿನೋದಿನಿ ಕುಣಿದಾಡುತ್ತಿದ್ದಳು. ಇವತ್ತು ಅವಳ ತಲೆಯಲ್ಲಿ ಒಂದೇ ಯೋಚನೆ. ಮೂಲೆಯ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಶೇಖರ ಜಂಬಕ್ಕೆ ಒಬ್ಬರಿಗೆ ತೋರಿಸುತ್ತಾನೆ, ಅವರು ಇನ್ನೊಬ್ಬರಿಗೆ ತೋರಿಸುತ್ತಾರೆ. ಒಂದು ಸಲ ಗೊತ್ತಾದರೆ ಆಟದಲ್ಲಿ ಮಜಾ ಏನುಳಿಯಿತು? ಯಾರು ಬಾಡಿಗೆಗೆ ಒಯ್ಯುತ್ತಾರೆ? ಮಾಮನ ಡಬ್ಬದ ಮೇಲೂ ಧೂಳೇ ಕೂರುತ್ತದೆ.

ಯೋಚಿಸುತ್ತಲೇ ಅವಳು ಅನ್ನಕ್ಕೆ ಉಪ್ಪು ಹಾಕಿದಳು, ನಿಂಬೆಹಣ್ಣು ಹಿಂಡಿದಳು, ಕಲಸಿದಳು. ಅಪ್ಪ ಒಂದು ತುತ್ತು ತಿಂದು, “ಆಹಾ, ಚೆನ್ನಾಗಿದೆ ಮಗಳೇ!” ಎಂದು, ಚೆಂಬು ಎತ್ತಿ ಗಟಗಟನೆ ನೀರು ಕುಡಿದರು.

ಅಷ್ಟರಲ್ಲಿ ಶಾಮಣ್ಣ ಮಾಮ ಬಂದ. ಕೈಯಲ್ಲಿ ದೊಡ್ಡ ಕ್ಯಾನ್ವಾಸ್ ಚೀಲ. ಚೀಲದೊಳಗೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಏನೋ ಚೌಕವಾದ ವಸ್ತು.

“ಅದೇನೋ ಶಾಮಣ್ಣ?” ಅಮ್ಮ ಕೇಳಿದಳು.

“ವಿಸಿಆರ್ ಅಕ್ಕ. ನನ್ನ ಹತ್ರ ಚೆನ್ನಾಗಿ ಓಡೋದು ಇದೊಂದೇ ಉಳಿದಿದೆ. ದಹಿಸರ್‌ನ ಗದಿಗೆಪ್ಪನವರು ಇದನ್ನ ತಗೊಂಡು, ಬದಲಿಗೆ ಗೇಮ್‌ಗಳನ್ನ ಕೊಡ್ತಾರಂತೆ.”

“ಇದನ್ನೂ ಕೊಟ್ಬಿಡ್ತೀಯಾ? ಮತ್ತೆ ಸಿನಿಮಾ ಕ್ಯಾಸೆಟ್ ಯಾವುದರಲ್ಲಿ ಹಾಕಿ ನೋಡ್ತೀಯ?”

“ಸಿನಿಮಾ ಕಾಲ ಮುಗೀತು ಅಕ್ಕ. ಇನ್ನು ಲಾಲ್ ರಾಕೆಟ್ಟೇ ನಮ್ಮನ್ನ ಕಾಪಾಡಬೇಕು. ಏನೇ ವಿನು? ನೀನೂ ಬಾ. ಒಂದೊಂದನ್ನೂ ಹಾಕಿ ಚೆಕ್ ಮಾಡೋಕೆ ನಂಗೆ ನಿನ್ನಂಥ ಎಕ್ಸ್‌ಪರ್ಟ್ ಬೇಕು.”

ವಿನೋದಿನಿ ವಿಸಿಆರ್ ಇದ್ದ ಚೀಲವನ್ನು ನೋಡಿದಳು. ಗೇಮ್ ತರುತ್ತಾನೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಏನು ಕೊಟ್ಟು ತರುತ್ತಾನೆ ಎಂದು ಗೊತ್ತಿರಲಿಲ್ಲ.

ಅಮ್ಮ ಸ್ಟೀಲ್ ಡಬ್ಬಿಗೆ ಚಿತ್ರಾನ್ನ ತುಂಬಿ ಅವಳ ಕೈಗೆ ಕೊಟ್ಟಳು. “ದಾರೀಲಿ ಇಬ್ರೂ ತಿನ್ನಿ. ನಮ್ಮ ವಿನೂನೇ ಕಲಸಿದ್ದು, ಶಾಮಣ್ಣ.”

ಸಯನ್‌ನಲ್ಲಿ ಲೋಕಲ್ ಹತ್ತಿ, ದಾದರ್‌ನಲ್ಲಿ ಇಳಿದು, ಸೇತುವೆ ದಾಟಿ ಇನ್ನೊಂದು ಲೋಕಲ್ ಹತ್ತಿದರು. ಭಾನುವಾರವಾದ್ದರಿಂದ ಕೂರಲು ಜಾಗ ಸಿಕ್ಕಿತು. ಮಾಮ ಚೀಲವನ್ನು ಕೆಳಗಿಡಲಿಲ್ಲ. ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡ.

ಬಾಂದ್ರಾ ಬಂದ ಕೂಡಲೇ ಹೇಳಿಬಿಡ್ತೀನಿ ಎಂದುಕೊಂಡಳು ವಿನೋದಿನಿ.

ಬಾಂದ್ರಾ ಬಂತು. ಹೋಯಿತು.

“ನಿಂಗೆ ನೆನಪಿದೆಯಾ ವಿನು?” ಮಾಮ ಬೆಡ್‌ಶೀಟಿನ ಮೇಲೆ ಕೈಯಾಡಿಸುತ್ತ ಹೇಳಿದ. “ಇದನ್ನ ಮೊದಲು ತಂದಾಗ ನೀನು ಇಷ್ಟೇ ಇಷ್ಟು ಇದ್ದೆ. ನಿಮ್ಮ ಮನೇಲೇ ಇಟ್ಟು ಇಡೀ ಬಿಲ್ಡಿಂಗಿಗೆ ಸಿನಿಮಾ ತೋರಿಸಿದ್ದೆ. ನೀನು ಹಿಂದೆ ಹೋಗಿ, ಇದರೊಳಗೆ ಜನ ಎಲ್ಲಿದ್ದಾರೆ ಅಂತ ಹುಡುಕ್ತಾ ಇದ್ದೆ.” ಅವನು ನಕ್ಕ. ಆದರೆ ನಗು ಬೇಗ ನಿಂತಿತು. “ಇರಲಿ ಬಿಡು. ಒಳ್ಳೇ ಕೆಲಸಕ್ಕೇ ಹೋಗ್ತಿದೆ.”

ವಿನೋದಿನಿಗೆ ಅಳು ಬಂದಂತಾಯಿತು. ಸಾಂತಾಕ್ರೂಜ್ ಬಂದ ಮೇಲೆ ಖಂಡಿತ, ಎಂದುಕೊಂಡಳು. ಆದರೆ ಆಣೆ? ಮರಾಠಿ ಪೇಪರು? ಶೇಖರ ಮಾತು ಬಿಟ್ಟು ಕಟ್ಟಿ ಮಾಡಿದರೆ ಸಂಜೆ ಆಟಕ್ಕೆ ಎಲ್ಲಿಗೆ ಹೋಗುವುದು? ಅದೆಲ್ಲಕ್ಕಿಂತ ದೊಡ್ಡದು ಇನ್ನೊಂದು. ನಿನ್ನೆ ಎಲ್ಲರ ಮುಂದೆ ‘ಚೆನ್ನಾಗಿದೆ’ ಎಂದವಳು ಇವತ್ತು ‘ಚೆನ್ನಾಗಿಲ್ಲ’ ಎಂದರೆ ಮಾಮ ಏನೆಂದುಕೊಳ್ಳುತ್ತಾನೆ?

ಸಾಂತಾಕ್ರೂಜ್‌ನಲ್ಲಿ ಚಿಕ್ಕಿ ಮಾರುವವನು ಹತ್ತಿದ. ಮಾಮ ಒಂದು ಪೊಟ್ಟಣ ಕೊಂಡು ಅವಳಿಗೆ ಕೊಟ್ಟ. ವಿನೋದಿನಿ ಕಚ್ಚಿದಳು. ಕಡಲೆಬೀಜ ಕಹಿಯಾಗಿತ್ತು.

“ಹೇಗಿದೆ?” ಮಾಮ ಕೇಳಿದ.

“ಚೆನ್ನಾಗಿದೆ.”

ಹೇಳಿದ ಮೇಲೆ ಅವಳಿಗೆ ತನ್ನ ಬಾಯಿಯ ಮೇಲೇ ಸಿಟ್ಟು ಬಂತು. ಕಹಿಯನ್ನು ನುಂಗಿ, ಧೈರ್ಯ ಮಾಡಿ, “ಮಾಮ, ಆ ಗೇಮ್…” ಎಂದಳು.

“ಏನು ಪುಟ್ಟಿ?”

“ಅದನ್ನ… ಜಾಸ್ತಿ ಜನ ತಗೋತಾರಾ?”

“ತಗೊಳ್ಳದೆ ಏನು? ನೀನೇ ಹೇಳಿದೆಯಲ್ಲ!”

ಅಂಧೇರಿ ಬಂತು. ಮಲಾಡ್ ಬಂತು. ಒಂದೊಂದು ಸ್ಟೇಷನ್ ಬಂದಾಗಲೂ ಇಲ್ಲಿ ಹೇಳ್ತೀನಿ ಎಂದುಕೊಳ್ಳುವುದು, ಗಾಡಿ ಬಿಟ್ಟ ಮೇಲೆ ಮುಂದಿನದರಲ್ಲಿ ಎನ್ನುವುದು. ಬೊರಿವಲಿಯಲ್ಲಿ ಅರ್ಧಕ್ಕರ್ಧ ಜನ ಇಳಿದುಹೋದರು. ಆಮೇಲೆ ಬಂದದ್ದು ದಹಿಸರ್. ಇನ್ನು ಮುಂದಿನದು ಎನ್ನಲು ಸ್ಟೇಷನ್ನೇ ಉಳಿಯಲಿಲ್ಲ.

ಗದಿಗೆಪ್ಪನವರ ಅಂಗಡಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿತ್ತು. ಗದಗಿನ ಕಡೆಯವರು. ಬಿಳಿ ಟೋಪಿ, ದಪ್ಪ ಮೀಸೆ. ಅಂಗಡಿಯ ತುಂಬ ರೇಡಿಯೋ, ಗಡಿಯಾರ, ಇಸ್ತ್ರಿಪೆಟ್ಟಿಗೆ. ಮೇಲೆ ಮರದ ಅಟ್ಟ.

“ಬರ್ರಿ ಶಾಮಣ್ಣಾರ, ಬರ್ರಿ! ಹುಡುಗರು ಏನಂದ್ರು? ಗೇಮ್ ಹ್ಯಾಂಗೈತಂತ?”

“ಎಲ್ರಿಗೂ ಹಿಡಿಸಿದೆ ಗದಿಗೆಪ್ಪನವರೇ. ನಮ್ಮ ಅಕ್ಕನ ಮಗಳೂ ಚೆನ್ನಾಗಿದೆ ಅಂದಳು.”

“ನಮ್ಮ ಓಣಿ ಹುಡುಗರೂ ಭಾಳ ಚಲೋ ಐತಿ ಅಂದ್ರು. ಅದಕ್ಕ ನಾನೂ ಒಂದು ಪೆಟ್ಟಿಗಿ ತರಿಸೀನಿ ನೋಡ್ರಿ.”

ಮಾಮ ಬೆಡ್‌ಶೀಟು ಬಿಚ್ಚಿ ವಿಸಿಆರ್ ಹೊರತೆಗೆದ. ಮೇಲೆ ಧೂಳಿಲ್ಲದಿದ್ದರೂ ಅಂಗೈಯಿಂದ ಒಮ್ಮೆ ಒರೆಸಿದ. ಗದಿಗೆಪ್ಪನವರು ಅದಕ್ಕೆ ಕ್ಯಾಸೆಟ್ ಹಾಕಿ ನೋಡಿ, ಮೀಸೆಯಡಿಯಲ್ಲೇ ನಕ್ಕು, “ಮಾಲು ಚಲೋ ಐತಿ” ಎಂದರು. ಆಮೇಲೆ ಕೌಂಟರಿನ ಮೇಲಿದ್ದ ಟಿವಿಗೆ ಗೇಮ್ ಸೆಟ್ ಜೋಡಿಸಿ, ಗೇಮ್ ಕ್ಯಾಸೆಟ್ಟುಗಳ ಡಬ್ಬಿಯನ್ನು ವಿನೋದಿನಿಯ ಮುಂದೆ ಸರಿಸಿದರು.

“ಒಂದೊಂದ ಹಾಕಿ ಚೆಕ್ ಮಾಡವಾ ತಂಗಿ. ಅಷ್ಟರಾಗ ನಾ ಇದನ್ನ ಅಟ್ಟದ ಮ್ಯಾಲೆ ಇಡ್ತೀನಿ.”

ಅವರು ವಿಸಿಆರ್ ಎತ್ತಿಕೊಂಡರು.

ವಿನೋದಿನಿ ವಿಸಿಆರನ್ನೇ ನೋಡಿದಳು. ಈಗ ಹೇಳಬೇಕು. ಈಗ. ಬಾಯಿ ತೆರೆದಳು. ಮಾತು ಬರಲಿಲ್ಲ. ಟಿವಿಯಲ್ಲಿ ಕೆಂಪು ರಾಕೆಟ್ಟು ಬಂದು ನಿಂತಿತು. ಮೇಲಿನಿಂದ ಗುಂಡು ಸುರಿಯತೊಡಗಿತು.

ಅವಳು ರಾಕೆಟ್ಟನ್ನು ಸರಕ್ಕನೆ ಎಡಮೂಲೆಗೆ ತಳ್ಳಿದಳು. ಜಡೆಯ ತುದಿಯಲ್ಲಿದ್ದ ರಬ್ಬರ್ ಬ್ಯಾಂಡ್ ಎಳೆದು ತೆಗೆದಳು. ಟರ್ಬೋ ಬಟನ್ ಒತ್ತಿ, ಅದರ ಮೇಲೆ ಬ್ಯಾಂಡನ್ನು ಬಿಗಿಯಾಗಿ ಸುತ್ತಿದಳು. ಆಮೇಲೆ ರಿಮೋಟನ್ನು ಕೌಂಟರಿನ ಮೇಲಿಟ್ಟು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

“ಏನೇ ಇದು? ಆಡು, ಸತ್ತೋಗುತ್ತೆ!” ಎಂದ ಮಾಮ.

ವಿನೋದಿನಿ ಅಲುಗಾಡಲಿಲ್ಲ. ರಾಕೆಟ್ಟು ಮೂಲೆಯಲ್ಲಿ ಕೂತೇ ಪಟಪಟನೆ ಗುಂಡು ಹಾರಿಸುತ್ತಿತ್ತು. ಅದಕ್ಕೆ ಏನೂ ಆಗಲಿಲ್ಲ. ವಿಮಾನಗಳು ಬಂದವು, ಹೋದವು. ಮಾಮ ಟಿವಿಯ ಹತ್ತಿರ ಬಾಗಿದ.

ಗದಿಗೆಪ್ಪನವರು ಏಣಿಯ ಮೊದಲ ಮೆಟ್ಟಿಲಿನ ಮೇಲೆಯೇ ನಿಂತರು. “ಇದೇನವಾ! ಕೈ ಬಿಟ್ಟರೂ ಸಾಯವಲ್ದಲ್ಲ!”

ಮೊದಲ ಲೆವೆಲ್ ಮುಗಿಯಿತು. ಎರಡನೆಯದು ಮುಗಿಯಿತು. ಮೂವರೂ ನೋಡುತ್ತ ನಿಂತರು. ಜೇಡ ಬಂತು, ಸಿಡಿಯಿತು. ಅರ್ಥವಾಗದ ನಾಲ್ಕು ಅಕ್ಷರ ಮೂಡಿ ಮಾಯವಾದವು. ಮತ್ತೆ ಅದೇ ನಕ್ಷತ್ರ, ಅದೇ ವಿಮಾನ, ಮೊದಲನೇ ಲೆವೆಲ್.

“ಇಷ್ಟೇ?” ಎಂದ ಮಾಮ.

“ಇಷ್ಟೇ,” ಎಂದಳು ವಿನೋದಿನಿ. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ.

ಗದಿಗೆಪ್ಪನವರು ಮೆಟ್ಟಿಲಿಳಿದು ವಿಸಿಆರನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟರು. ತಮ್ಮ ಪೆಟ್ಟಿಗೆಯ ಕಡೆ ನೋಡಿದರು. ಅವರ ಮುಖ ಸಣ್ಣದಾಯಿತು. “ನಮ್ಮ ಹುಡುಗರು ಚಲೋ ಐತಿ, ಚಲೋ ಐತಿ ಅಂದಿದ್ದು ಇನ್ನೊಂದು ತಾಸು ಆಡಾಕ ಸಿಗಲಿ ಅಂತ ಇರಬೇಕು, ಶಾಮಣ್ಣಾರ. ನಾ ಖರೇ ಅನ್ಕೊಂಡ್ನಿ.”

ಮಾಮ ವಿನೋದಿನಿಯ ಕಡೆ ತಿರುಗಿದ. “ಇದು ನಿನಗೆ ಯಾವಾಗ ಗೊತ್ತಾಯ್ತು?”

“ನಿನ್ನೆ ಮಧ್ಯಾಹ್ನ.”

“ಸಂಜೆ ನಾನು ಕೇಳಿದಾಗ ಗೊತ್ತಿತ್ತಾ?”

ಅವಳು ತಲೆಯಾಡಿಸಿದಳು. ಕಣ್ಣಲ್ಲಿ ನೀರು ತುಂಬಿ ಟಿವಿಯೆಲ್ಲ ಕೆಂಪು ಕೆಂಪಾಗಿ ಕದಡಿಹೋಯಿತು.

“ಮತ್ತೆ ಚೆನ್ನಾಗಿದೆ ಅಂತ ಯಾಕೆ ಹೇಳಿದೆ?”

“ನೀನು ಹೇಗಿದೆ ಅಂತ ಕೇಳಿದೆ… ಕೇಳಿದ್ರೆ ಹಾಗೇ ಅಲ್ವಾ ಹೇಳೋದು?” ಎಂದು ವಿನೋದಿನಿ ಬಿಕ್ಕಿದಳು. “ಎಲ್ರೂ ಹಾಗೇ ಹೇಳ್ತಾರಲ್ಲ!”

ಮಾಮ ಬೆಡ್‌ಶೀಟನ್ನು ಕೌಂಟರಿನ ಮೇಲೆ ಹಾಸಿ ವಿಸಿಆರನ್ನು ಮೊದಲಿನ ಹಾಗೆಯೇ ಸುತ್ತತೊಡಗಿದ.

ಹೊರಡುವಾಗ ಗದಿಗೆಪ್ಪನವರು ರಿಮೋಟಿನಿಂದ ರಬ್ಬರ್ ಬ್ಯಾಂಡ್ ಬಿಚ್ಚಿ ಅವಳ ಕೈಗೆ ಕೊಟ್ಟರು. “ನನ್ನ ಯಾಪಾರ ಕೆಡಿಸಿದೆಲ್ಲವಾ,” ಎಂದರು. ಸಿಟ್ಟಿನಿಂದ ಅಂದರೋ ಬೇಜಾರಿನಿಂದ ಅಂದರೋ ಅವಳಿಗೆ ತಿಳಿಯಲಿಲ್ಲ. ಎರಡೂ ಇರಬಹುದು.

ದಹಿಸರ್ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಇರಲಿಲ್ಲ. ಇಬ್ಬರೂ ಸಿಮೆಂಟ್ ಬೆಂಚಿನ ಮೇಲೆ ಕೂತರು. ವಿಸಿಆರ್ ನಡುವೆ ಕೂತಿತು. ಮಾಮ ಹಳಿಗಳನ್ನು ನೋಡುತ್ತಿದ್ದ. ಅಂಗಡಿ ಬಿಟ್ಟಾಗಿನಿಂದ ಒಂದು ಮಾತೂ ಆಡಿರಲಿಲ್ಲ.

ಬೈದರೆ ವಾಸಿಯಿತ್ತು ಎನಿಸಿತು ವಿನೋದಿನಿಗೆ. ಇನ್ನು ಅಂಗಡಿ ಏನಾಗುತ್ತದೆ? ಇನ್ನು ಮುಂದೆ ಮಾಮ ತನ್ನನ್ನು ಯಾವುದನ್ನೂ ಕೇಳುವುದಿಲ್ಲ. ಶೇಖರನಂತೂ ನಾಳೆ ಕಿರುಬೆರಳು ತೋರಿಸಿ ಕಟ್ಟಿ ಮಾಡುತ್ತಾನೆ. ಮರಾಠಿ ಪೇಪರಿನದು ದೇವರಿಗೇ ಗೊತ್ತು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ ನಿಜ, ಬರೀ ತೋರಿಸಿದ್ದು. ಅದನ್ನು ಸರಸ್ವತಿ ಹೇಗೆ ಲೆಕ್ಕ ಹಿಡಿಯುತ್ತಾಳೋ!

“ಮಾಮ, ವಿದ್ಯಾ ಕಸಮ್ ಮುರಿದ್ರೆ ನಿಜವಾಗ್ಲೂ ಫೇಲ್ ಆಗ್ತಾರಾ?” ಎಂದು ಸಣ್ಣಗೆ ಕೇಳಿದಳು.

ಮಾಮ ಅವಳತ್ತ ತಿರುಗಿದ. “ಓ, ಕಸಮ್ ಬೇರೆ ಇತ್ತಾ? ಯಾರು ಹಾಕಿಸಿದ್ದು?”

ವಿನೋದಿನಿ ತುಟಿ ಬಿಗಿಹಿಡಿದಳು. ಮಾಮ ಮತ್ತೆ ಕೇಳಲಿಲ್ಲ.

“ನಾನಂತೂ ಕಸಮ್ ಹಾಕದೇನೇ ಎರಡು ಸಲ ಫೇಲ್ ಆದೆ,” ಎಂದ. “ಹಸಿವಾಗ್ತಿದೆ. ಡಬ್ಬಿ ತೆಗಿ.”

ವಿನೋದಿನಿ ಡಬ್ಬಿಯ ಮುಚ್ಚಳ ತೆಗೆದಳು. ನಿಂಬೆಹಣ್ಣಿನ, ಒಗ್ಗರಣೆಯ ಪರಿಮಳ ಬಂತು. ಮಾಮ ದೊಡ್ಡ ತುತ್ತು ಎತ್ತಿ ಬಾಯಿಗಿಟ್ಟುಕೊಂಡ. ಅಗಿದ. ಅಗಿಯುವುದು ನಿಧಾನವಾಯಿತು.

“ನಾನೇ ಕಲಸಿದ್ದು,” ಎಂದಳು ವಿನೋದಿನಿ. ಬೇಡವೆಂದರೂ ಬಾಯಿಂದ ಬಂದೇಬಿಟ್ಟಿತು. “ಹೇಗಿದೆ?”

“ಚೆ…” ಎಂದ ಮಾಮ.

ಅಷ್ಟಕ್ಕೇ ನಿಂತ. ಕೈಯಲ್ಲಿದ್ದ ಎರಡನೇ ತುತ್ತನ್ನು ನೋಡಿದ. ಆಮೇಲೆ ಅವಳ ಮುಖವನ್ನು ನೋಡಿದ. ಚಿಕ್ಕ ಮಕ್ಕಳನ್ನು ನೋಡುವ ಹಾಗಲ್ಲ, ಅಂಗಡಿಗೆ ಬಂದ ದೊಡ್ಡವರ ಜೊತೆ ಮಾತಾಡುವಾಗ ನೋಡುತ್ತಾನಲ್ಲ, ಹಾಗೆ.

“ಉಪ್ಪು ಜಾಸ್ತಿಯಾಗಿದೆ,” ಎಂದ.

ವಿನೋದಿನಿ ಕಣ್ಣು ಪಿಳಿಪಿಳಿ ಬಿಟ್ಟಳು. ಕೈಹಾಕಿ ತಾನೂ ಒಂದು ತುತ್ತು ತಿಂದಳು. ಅಯ್ಯೋ! ನಾಲಿಗೆ ಸುರುಟಿಕೊಂಡಿತು. ಅಮ್ಮ ಒಗ್ಗರಣೆಗೇ ಉಪ್ಪು ಹಾಕಿದ್ದಳು. ಅದರ ಮೇಲೆ ಅವಳೂ ಹಾಕಿದ್ದಳು. ಬೆಳಗ್ಗೆ ಅಪ್ಪ ಗಟಗಟನೆ ನೀರು ಕುಡಿದದ್ದು ನೆನಪಾಯಿತು.

“ತುಂಬಾನಾ?”

“ತುಂಬಾ.”

ವಿಚಿತ್ರವೆಂದರೆ ಅವಳಿಗೆ ಬೇಜಾರಾಗಲಿಲ್ಲ. ಅಪ್ಪ ಅಷ್ಟು ಪ್ರೀತಿಯಿಂದ ಹೇಳಿದ ‘ಚೆನ್ನಾಗಿದೆ’ಗಿಂತ, ಮಾಮ ಮುಖಕ್ಕೆ ಮುಖ ಕೊಟ್ಟು ಹೇಳಿದ ‘ತುಂಬಾ’ ಅವಳಿಗೆ ಹಿತವಾಗಿತ್ತು. ಯಾಕೆಂದು ಅವಳು ಯೋಚಿಸುತ್ತಿರುವಾಗಲೇ ಮಾಮ ಇನ್ನೊಂದು ತುತ್ತು ಎತ್ತಿದ.

“ಮತ್ತೆ ಯಾಕೆ ತಿಂತೀಯ?”

“ಹಸಿವಾಗಿದೆಯಲ್ಲೇ! ಒಗ್ಗರಣೆ ಚೆನ್ನಾಗಿದೆ. ಅದು ನಿಜ.”

ವಿನೋದಿನಿಗೆ ನಗು ಬಂತು. ನಗುತ್ತಲೇ ಮೂಗು ಒರೆಸಿಕೊಂಡಳು.

“ಮಾಮ.”

“ಹೂಂ?”

“ಸಾಂತಾಕ್ರೂಜ್‌ನಲ್ಲಿ ಕೊಡಿಸಿದೆಯಲ್ಲ, ಆ ಚಿಕ್ಕಿ ಕಹಿಯಾಗಿತ್ತು.”

“ಗೊತ್ತು,” ಎಂದ ಮಾಮ. “ನಾನೂ ತಿಂದೆ.”

ದೂರದಲ್ಲಿ ಲೋಕಲ್ ಬರುವುದು ಕಾಣಿಸಿತು. ವಿನೋದಿನಿ ನೀರಿನ ಬಾಟಲಿ ಹಿಡಿದು ಪ್ಲಾಟ್‌ಫಾರ್ಮಿನ ನಲ್ಲಿಯತ್ತ ಓಡಿದಳು. ಸಯನ್ ತಲುಪುವವರೆಗೆ ಇಬ್ಬರಿಗೂ ತುಂಬ ನೀರು ಬೇಕಾಗಿತ್ತು.